ದಹಿಸರ್ ನಾಕಾ ದಾಟುವ ಕಾರಿನ ಸ್ಟೇರಿಂಗ್ ಬೋಲ್ಟ್: ಬಿಗಿಯುವವರಿದ್ದಾರೆ, ಪರೀಕ್ಷಿಸುವವರಿಲ್ಲ

ಮುಂಬೈ ಮಹಾನಗರದ ಉತ್ತರದ ತುದಿ ದಹಿಸರ್. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ಇಲ್ಲಿಗೆ ಮುಗಿದು ಅಹಮದಾಬಾದ್ ಕಡೆಗಿನ ರಾಷ್ಟ್ರೀಯ ಹೆದ್ದಾರಿಯಾಗಿ ಮುಂದುವರಿಯುತ್ತದೆ. ಇಲ್ಲಿನ ಚೆಕ್ ನಾಕಾ ಸುದ್ದಿಯಾಗುವುದು ಟ್ರಾಫಿಕ್ ಜಾಮ್‌ನಿಂದ, ಇಲ್ಲವೇ ಟೋಲ್‌ನಿಂದ. 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಂಬೈ ಪ್ರವೇಶದ ಐದೂ ಟೋಲ್ ನಾಕಾಗಳಲ್ಲಿ ಲಘು ವಾಹನಗಳಿಗೆ ಟೋಲ್ ಮಾಫಿಯಾಯಿತು. 2025ರಲ್ಲಿ ಸಾರಿಗೆ ಸಚಿವ ಪ್ರತಾಪ್ ಸರ್‌ನಾಯಕ್ ಈ ನಾಕಾವನ್ನೇ ಮುಂದಕ್ಕೆ ಸರಿಸುವುದಾಗಿ ಹೇಳಿದಾಗ ಮತ್ತೊಂದು ಸುತ್ತು ಚರ್ಚೆ ನಡೆಯಿತು.

ದಹಿಸರ್‌ನಲ್ಲಿ ನೆಲೆಸಿರುವ ಕರಾವಳಿ ಮೂಲದ ಕುಟುಂಬಗಳಿಗೂ ಈ ನಾಕಾ ಚಿರಪರಿಚಿತ. ಮೇ ತಿಂಗಳ ರಜೆಗೋ, ಚೌತಿಗೋ, ಊರಿನ ನೇಮ-ಕೋಲಕ್ಕೋ ಕಾರಿನಲ್ಲಿ ಹೊರಡುವವರು ಇದನ್ನು ದಾಟಿ, ಕಾಶಿಮೀರಾ ಕಳೆದು ಬಲಕ್ಕೆ ತಿರುಗಿ, ಘೋಡ್‌ಬಂದರ್ ರಸ್ತೆ ಹಿಡಿದು ಠಾಣೆ, ಪನ್ವೇಲ್ ಮೂಲಕ ಮುಂಬೈ-ಗೋವಾ ಹೆದ್ದಾರಿ ಸೇರುತ್ತಾರೆ. ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ನಡುವೆ ಕಶೇಡಿ, ಪರಶುರಾಮ ಘಾಟಿಗಳಿವೆ. ಮಳೆಗಾಲವಾದರೆ ಹೊಂಡಗಳ ಸಾಲೇ ಇದೆ. ಹೊರಡುವ ವಾರದಲ್ಲಿ ಕಾರನ್ನು ಗ್ಯಾರೇಜಿಗೆ ಬಿಡುವುದು ವಾಡಿಕೆ. ಆಯಿಲ್ ಬದಲಾಗುತ್ತದೆ, ಬ್ರೇಕ್ ನೋಡಲಾಗುತ್ತದೆ, ಟಯರಿಗೆ ಗಾಳಿ ತುಂಬಲಾಗುತ್ತದೆ.

ಆದರೆ ಕಾರನ್ನು ತಿರುಗಿಸುವ ಸ್ಟೇರಿಂಗ್ ಕಾಲಮ್‌ನ ಬೋಲ್ಟುಗಳನ್ನು ಯಾರಾದರೂ ನೋಡುತ್ತಾರೆಯೇ? ಹಿಂದಿನ ರಿಪೇರಿಯಲ್ಲಿ ಬಿಚ್ಚಿದ್ದ ಬೋಲ್ಟನ್ನು ಎಷ್ಟು ಬಿಗಿಯಲಾಗಿದೆ ಎಂಬ ದಾಖಲೆ ಎಲ್ಲಿದೆ? ಬಹುತೇಕ ಪ್ರಕರಣಗಳಲ್ಲಿ ಎಲ್ಲಿಯೂ ಇಲ್ಲ. ಇದು ಮೆಕ್ಯಾನಿಕ್‌ಗಳನ್ನು ದೂರಿ ಮುಗಿಸುವ ವಿಷಯವೂ ಅಲ್ಲ. ಕಾನೂನಿನಲ್ಲಿ, ತಪಾಸಣೆಯಲ್ಲಿ, ಕಂಪನಿಗಳ ಧೋರಣೆಯಲ್ಲಿ ಇರುವ ಬಿರುಕೊಂದು ಕೊನೆಗೆ ರಸ್ತೆ ಬದಿಯ ಗ್ಯಾರೇಜಿನ ಹುಡುಗನ ಕೈಗೆ ಬಂದು ನಿಂತಿದೆ.

ಎ.ಸಿ. ರಿಪೇರಿಗೆ ಬಿಟ್ಟ ಕಾರು

ಸ್ಟೇರಿಂಗ್ ಕೆಟ್ಟರೆ ಮಾತ್ರ ಸ್ಟೇರಿಂಗ್ ಬಿಚ್ಚುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ಮುಂಬೈಯಂಥ ಊರಿನಲ್ಲಿ ಕಾರಿನ ಎ.ಸಿ. ತಣ್ಣಗಾಗುತ್ತಿಲ್ಲ ಎಂಬುದು ನಿತ್ಯದ ದೂರು. ಕೂಲಿಂಗ್ ಕಾಯಿಲ್ ಸೋರುತ್ತಿದೆ, ಬದಲಿಸಬೇಕು ಎನ್ನುತ್ತಾನೆ ಮೆಕ್ಯಾನಿಕ್. ಅನೇಕ ಕಾರುಗಳಲ್ಲಿ ಆ ಕಾಯಿಲ್ ಇರುವುದು ಡ್ಯಾಶ್‌ಬೋರ್ಡ್‌ನ ಹೊಟ್ಟೆಯೊಳಗೆ. ಡ್ಯಾಶ್‌ಬೋರ್ಡ್ ಪೂರ್ತಿ ಹೊರಬರಬೇಕಾದರೆ ಸ್ಟೇರಿಂಗ್ ಕಾಲಮ್ ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ ಅದನ್ನು ಕೆಳಗಿಳಿಸಬೇಕು. ಕೆಲವು ಮಾದರಿಗಳಲ್ಲಿ ಕೆಳಗಿನ ಕ್ರಾಸ್ ಜಾಯಿಂಟನ್ನೂ ಕಳಚಬೇಕಾಗುತ್ತದೆ.

ಸಂಜೆ ಕಾರು ಮರಳುತ್ತದೆ. ಎ.ಸಿ. ತಣ್ಣಗಿದೆ, ಮಾಲೀಕರಿಗೆ ಸಮಾಧಾನ. ಬಿಲ್ ಕೊಟ್ಟರೆ ಅದರಲ್ಲಿ ಇರುವುದು ಮೂರೇ ಸಾಲು: ಕೂಲಿಂಗ್ ಕಾಯಿಲ್, ಗ್ಯಾಸ್, ಲೇಬರ್. ಸ್ಟೇರಿಂಗ್ ಬಿಚ್ಚಿ ಜೋಡಿಸಿದ ಸಂಗತಿ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಕ್ಲಚ್ ಪ್ಲೇಟ್ ಕೆಲಸದಲ್ಲೂ ಕೆಲವು ಕಾರುಗಳ ಸ್ಟೇರಿಂಗ್ ಶಾಫ್ಟ್ ಬೇರ್ಪಡುತ್ತದೆ. ಪ್ರವಾಹದ ನೀರು ಒಳಹೊಕ್ಕ ಕಾರಿನಲ್ಲಿ ವೈರಿಂಗ್, ಕಾರ್ಪೆಟ್ ಒಣಗಿಸಲು ಇಡೀ ಒಳಾಂಗಣ ಹೊರಬರುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ದಹಿಸರ್ ನದಿ ಉಕ್ಕಿದ್ದನ್ನು ಕಂಡವರಿಗೆ ಈ ಕೆಲಸದ ಪ್ರಮಾಣ ವಿವರಿಸಬೇಕಿಲ್ಲ.

ಇನ್ನೊಂದು ಅಡ್ಡದಾರಿಯೂ ಇದೆ. ಕಾರು ನೇರ ಓಡುವಾಗ ಸ್ಟೇರಿಂಗ್ ವ್ಹೀಲ್ ಸ್ವಲ್ಪ ವಾರೆಯಾಗಿ ಕಾಣುತ್ತದೆ ಎಂಬ ದೂರು ಬಂದರೆ, ಕೆಳಗೆ ಟೈ ರಾಡ್ ಹೊಂದಿಸಿ ಅಲೈನ್‌ಮೆಂಟ್ ಸರಿಮಾಡುವುದು ಸರಿಯಾದ ವಿಧಾನ. ಸಮಯ ಉಳಿಸಲು ವ್ಹೀಲನ್ನೇ ಕಿತ್ತು ಒಂದು ಹಲ್ಲು ಆಚೆ ಕೂರಿಸಿ ನಟ್ ಬಿಗಿಯುವವರಿದ್ದಾರೆ. ವ್ಹೀಲ್ ನೇರವಾಗುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. ಜೊತೆಗೆ, ಒಮ್ಮೆಯೂ ಬಿಚ್ಚಬೇಕಿರದ ನಟ್ ಒಂದು ಅನಗತ್ಯವಾಗಿ ಬಿಚ್ಚಿ ಬಿಗಿದಂತಾಗುತ್ತದೆ.

ಮೂರು ಜಾಗ, ಮೂರು ಬಗೆಯ ಅಪಾಯ

ಸ್ಟೇರಿಂಗ್ ವ್ಹೀಲಿನಿಂದ ಮುಂದಿನ ಚಕ್ರದವರೆಗಿನ ದಾರಿ ಸರಳ. ವ್ಹೀಲ್ ಕೂತಿರುವುದು ಕಾಲಮ್ ಮೇಲೆ. ಕಾಲಮ್‌ನಿಂದ ಕೆಳಗೆ ಒಂದು ತುಂಡು ಶಾಫ್ಟ್, ಅದರ ಎರಡು ತುದಿಗೆ ಕ್ರಾಸ್ ಜಾಯಿಂಟ್. ಕೊನೆಗೆ ರ್ಯಾಕ್. ಇದರಲ್ಲಿ ರಿಪೇರಿಯವರ ಕೈ ತಾಗುವ ಬಿಗಿತದ ಜಾಗಗಳು ಮುಖ್ಯವಾಗಿ ಮೂರು.

ಮೊದಲನೆಯದು ವ್ಹೀಲಿನ ನಡುವಿನ ನಟ್ ಅಥವಾ ಬೋಲ್ಟ್. ಇದು ಸಡಿಲವಾದರೆ ವ್ಹೀಲ್ ಅಲುಗಾಡುತ್ತದೆ. ಕಾಣೆಯಾದರೆ ಕೈಗೇ ಬರುತ್ತದೆ.

ಎರಡನೆಯದು ಕಾಲಮ್ಮನ್ನು ಡ್ಯಾಶ್‌ಬೋರ್ಡಿನ ಹಿಂದಿನ ಉಕ್ಕಿನ ಅಡ್ಡಪಟ್ಟಿಗೆ ಹಿಡಿದಿಡುವ ಬೋಲ್ಟುಗಳು. ಇಲ್ಲಿ ‘ಇನ್ನಷ್ಟು ಬಿಗಿದರೆ ಇನ್ನಷ್ಟು ಭದ್ರ’ ಎಂಬ ತರ್ಕ ತಿರುಗಿಬೀಳುತ್ತದೆ. 1960ರ ದಶಕದವರೆಗೆ ಕಾರು ಎದುರಿಗೆ ಗುದ್ದಿದರೆ ಗಟ್ಟಿ ಕಂಬದಂಥ ಕಾಲಮ್ ನೇರ ಚಾಲಕನ ಎದೆಗೆ ಬಂದು ಇರಿಯುತ್ತಿತ್ತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1967ರ ಮಾದರಿಯ ಕಾರುಗಳಿಂದ ಗುದ್ದಿದಾಗ ಕುಸಿಯುವ ಕಾಲಮ್ ತಂದಿತು. ಈಗಿನ ಕಾರುಗಳಲ್ಲೂ ಅದೇ ತತ್ವ. ನಿರ್ದಿಷ್ಟ ಬಲ ಬಿದ್ದಾಗ ಕಾಲಮ್ ತನ್ನ ಹಿಡಿತದಿಂದ ಜಾರಿ ಕುಸಿಯಬೇಕು, ಎದೆಯನ್ನು ಉಳಿಸಬೇಕು. ಆ ಜಾಗದಲ್ಲಿ ಸಿಕ್ಕ ಉದ್ದದ ಬೋಲ್ಟ್ ಹಾಕಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಜಗ್ಗಿ ಬಿಗಿದರೆ ಆ ಜಾರುವಿಕೆಗೇ ಅಡ್ಡಿಯಾಗಬಹುದು. ಕಾರು ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಡಿಕ್ಕಿಯ ಕ್ಷಣದಲ್ಲಿ.

ಮೂರನೆಯದು ಕ್ರಾಸ್ ಜಾಯಿಂಟಿನ ಕ್ಲ್ಯಾಂಪ್ ಬೋಲ್ಟ್. ಚಾಲಕನ ಪಾದದ ಬಳಿ, ಪೆಡಲ್‌ಗಳ ಹಿಂದೆ, ಕತ್ತಲ ಮೂಲೆಯಲ್ಲಿರುವ ಇದು ಮೂರರಲ್ಲಿ ಅತ್ಯಂತ ಸೂಕ್ಷ್ಮ. ಶಾಫ್ಟಿನ ಹಲ್ಲುಗಳ ಮೇಲೆ ಜಾಯಿಂಟಿನ ಕತ್ತು ಕೂರುತ್ತದೆ. ಶಾಫ್ಟಿನಲ್ಲಿ ಒಂದು ಕಚ್ಚು ಇರುತ್ತದೆ. ಬೋಲ್ಟ್ ಆ ಕಚ್ಚಿನ ಮೂಲಕ ಹಾದುಹೋದರೆ ಮಾತ್ರ ಜಾಯಿಂಟ್ ಜಾರದು. ಕತ್ತು ಪೂರ್ತಿ ಕೆಳಗೆ ಕೂರದೆ ಅರ್ಧ ಸೆಂಟಿಮೀಟರ್ ಮೇಲೆ ನಿಂತರೂ ಬೋಲ್ಟ್ ಕಚ್ಚಿಗೆ ಸಿಗದೆ ಹೊರಗೇ ಕೂರಬಹುದು. ಆಗಲೂ ಅದು ಬಿಗಿಯಾಗುತ್ತದೆ, ಕಾರೂ ತಿರುಗುತ್ತದೆ. ಗ್ಯಾರೇಜಿನ ಎದುರಿನ ಟೆಸ್ಟ್ ಡ್ರೈವ್‌ನಲ್ಲಿ ಯಾವ ದೋಷವೂ ಕಾಣದು. ಹಿಡಿತ ಬರೀ ಘರ್ಷಣೆಯದ್ದು. ನೂರಾರು ಹೊಂಡಗಳ ನಂತರ ಅದು ಸೋಲಲೂಬಹುದು.

ಈಗಿನ ಸಣ್ಣ ಕಾರುಗಳಲ್ಲಿ ಇದರ ತೂಕ ಇನ್ನೂ ಹೆಚ್ಚು. ವಿದ್ಯುತ್ ಚಾಲಿತ ಪವರ್ ಸ್ಟೇರಿಂಗ್‌ನ ಮೋಟಾರು ಹಲವು ಕಾರುಗಳಲ್ಲಿ ಕಾಲಮ್ ಮೇಲೆಯೇ ಇದೆ. ಅಂದರೆ ಚಾಲಕನ ಕೈಬಲ ಮಾತ್ರವಲ್ಲ, ಮೋಟಾರಿನ ಬಲವೂ ಇದೇ ಜಾಯಿಂಟುಗಳ ಮೂಲಕ ಚಕ್ರಕ್ಕೆ ಹೋಗಬೇಕು. ಒಂದು ಬೆರಳಲ್ಲಿ ತಿರುಗುವ ಸ್ಟೇರಿಂಗ್ ಹಗುರ ಎನಿಸುವುದು ಕೈಗೆ ಮಾತ್ರ, ಬೋಲ್ಟಿಗಲ್ಲ.

ಕೈ ಅಂದಾಜಿನ ಲೆಕ್ಕ

ಬೋಲ್ಟಿನ ಕೆಲಸ ಸ್ಪ್ರಿಂಗಿನಂಥದ್ದು. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಂದಕ್ಕೆ ಕುಗ್ಗಲು ಎಳೆಯುವ ಆ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ. ಕಡಿಮೆ ಬಿಗಿದರೆ ಒತ್ತುವ ಬಲವಿಲ್ಲ, ಕಂಪನಕ್ಕೆ ಸಡಿಲಾಗುತ್ತದೆ. ಹೆಚ್ಚು ಬಿಗಿದರೆ ಹಿಗ್ಗುವ ಮಿತಿ ದಾಟಿ ಲೋಹ ಸೋಲುತ್ತದೆ, ಇಂದಲ್ಲ ನಾಳೆ ತುಂಡಾಗುತ್ತದೆ. ಎಷ್ಟು ಬಿಗಿಯಬೇಕು ಎಂಬುದಕ್ಕೆ ಪ್ರತಿ ಕಾರಿನ ರಿಪೇರಿ ಕೈಪಿಡಿಯಲ್ಲಿ ನ್ಯೂಟನ್ ಮೀಟರ್ ಲೆಕ್ಕದ ಒಂದು ಸಂಖ್ಯೆ ಇರುತ್ತದೆ. ಪ್ರಯಾಣಿಕ ಕಾರುಗಳ ಕ್ರಾಸ್ ಜಾಯಿಂಟ್ ಬೋಲ್ಟಿಗೆ ಅದು ಸಾಮಾನ್ಯವಾಗಿ 20ರಿಂದ 40ರ ನಡುವೆ. ಹೋಲಿಕೆಗೆ, ಟಯರಿನ ಚಕ್ರದ ನಟ್‌ಗಳಿಗೆ ಸುಮಾರು 85ರಿಂದ 120.

ಈಗ ಒಂದು ಸಣ್ಣ ಲೆಕ್ಕ. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋ ತೂಕದಷ್ಟು ಎಳೆದರೆ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಬೀಳುತ್ತದೆ. ಎಂಟು ಮಿಲಿಮೀಟರ್ ದಪ್ಪದ ಸಾಧಾರಣ ದರ್ಜೆಯ ಉಕ್ಕಿನ ಬೋಲ್ಟಿಗೆ ಅಷ್ಟೇ ಸಾಕು. ಅದೇ ಸ್ಪ್ಯಾನರನ್ನು ಗಟ್ಟಿಮುಟ್ಟಾದ ಹುಡುಗ ಮೂವತ್ತು ಕಿಲೋ ಬಲದಲ್ಲಿ ಎಳೆದರೆ 73 ದಾಟುತ್ತದೆ, ಸುಮಾರು ಮೂರು ಪಟ್ಟು. ಇಡೀ ದಿನ ಚಕ್ರದ ನಟ್ ಬಿಗಿದ ಕೈಗೆ ಸ್ಟೇರಿಂಗ್ ಬೋಲ್ಟಿನ ಬಿಗಿತ ಯಾವಾಗಲೂ ‘ಸಾಲದು’ ಎಂದೇ ಅನಿಸುತ್ತದೆ. ಪೆಡಲ್ ಕೆಳಗೆ ತಲೆ ತೂರಿಸಿ, ಕೈ ಪೂರ್ತಿ ಚಾಚಲಾಗದೆ, ಎರಡೇ ಬೆರಳಲ್ಲಿ ಬಿಗಿಯುವಾಗ ಉಲ್ಟಾ ತಪ್ಪು ಆಗುತ್ತದೆ. ಅಲ್ಲಿ ‘ಸಾಕು’ ಅನಿಸುವುದೇ ಬೇಗ. ವರ್ಷಗಳ ಅನುಭವದ ಉಸ್ತಾದರ ಕೈ ಹತ್ತಿರ ಹತ್ತಿರ ಸರಿಯಿರಬಹುದು. ಆದರೆ ಡ್ಯಾಶ್‌ಬೋರ್ಡ್ ಜೋಡಿಸುವ ಕೆಲಸ ಉಸ್ತಾದರಿಗೆ ಬರುವುದು ಕಡಿಮೆ, ಅದು ಶಾಗಿರ್ದನ ಪಾಲಿನದು.

ಟಾರ್ಕ್ ರೆಂಚ್ ಇದ್ದರೂ ಮೋಸಹೋಗಬಹುದು. ರೆಂಚ್ ತೋರಿಸುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ಗೀರಿನ ಘರ್ಷಣೆಗೆ ಹೋಗುತ್ತದೆ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಒದ್ದೆ ಕಾಲಿನ ನೀರು ಸೇರಿ ತುಕ್ಕು ಹಿಡಿದ ಬೋಲ್ಟ್ ಬಿಗಿಯಾಗುವ ಮೊದಲೇ ‘ಕಟ್’ ಎಂದು ರೆಂಚ್ ಸದ್ದು ಮಾಡಿಸುತ್ತದೆ. ಅಲ್ಲಿ ಅಳತೆ ಸರಿ, ಹಿಡಿತ ಸುಳ್ಳು. ಇನ್ನೊಂದು ಕಡೆ, ತುಕ್ಕು ಬಿಡಿಸಲು ಎಣ್ಣೆ ಸುರಿದು ಅದೇ ಅಳತೆಗೆ ಬಿಗಿದರೆ ಘರ್ಷಣೆ ಕಡಿಮೆಯಾಗಿ ಬೋಲ್ಟ್ ಮಿತಿಮೀರಿ ಹಿಗ್ಗುತ್ತದೆ. ಹಳೆಯ ಬೋಲ್ಟ್ ಬಿಸಾಡಿ ಹೊಸದು ಹಾಕಿ ಎಂದು ಅನೇಕ ಕೈಪಿಡಿಗಳು ಹೇಳುವುದು ಇದೇ ಕಾರಣಕ್ಕೆ. ನೈಲಾನ್ ಉಂಗುರದ ಲಾಕ್ ನಟ್, ಗೀರಿಗೆ ಅಂಟು ಲೇಪಿಸಿದ ಬೋಲ್ಟ್‌ಗಳು ಒಂದೇ ಬಳಕೆಯವು. ಒಂದು ಬೋಲ್ಟಿನ ಬೆಲೆ ಒಂದು ಊಟದ ಬೆಲೆಯನ್ನೂ ಮೀರುವುದು ಅಪರೂಪ.

ಕಾರ್ಖಾನೆಯಲ್ಲೇ ತಪ್ಪಿದ ಉದಾಹರಣೆಗಳು

ಇದೆಲ್ಲ ರಸ್ತೆ ಬದಿಯ ಗ್ಯಾರೇಜಿನ ಸಮಸ್ಯೆ ಮಾತ್ರ ಎನ್ನುವಂತಿಲ್ಲ. 2023ರ ಮಾರ್ಚ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆ ಆರಂಭಿಸಿತು. ಓಡುತ್ತಿದ್ದಾಗಲೇ ಸ್ಟೇರಿಂಗ್ ವ್ಹೀಲ್ ಕಳಚಿ ಬಂದಿತು ಎಂದು ಇಬ್ಬರು ದೂರಿದ್ದರು. ಹಿಡಿದಿಡುವ ಬೋಲ್ಟೇ ಇರಲಿಲ್ಲ. ಗಮನಿಸಬೇಕಾದ ಅಂಶ ಬೇರೆ ಇದೆ. ಎರಡೂ ಕಾರುಗಳಿಗೆ ಗ್ರಾಹಕರಿಗೆ ತಲುಪುವ ಮೊದಲು ಕಾರ್ಖಾನೆಯ ಕೊನೆಯ ಹಂತದಲ್ಲಿ ಒಂದು ರಿಪೇರಿ ನಡೆದಿತ್ತು, ಅದಕ್ಕಾಗಿ ವ್ಹೀಲ್ ಬಿಚ್ಚಿ ಮತ್ತೆ ಕೂರಿಸಲಾಗಿತ್ತು. ಉತ್ಪಾದನೆಯ ಸಾಲಿನಲ್ಲಿ ಯಂತ್ರ ಬಿಗಿದ ಬೋಲ್ಟಲ್ಲ ಅಲ್ಲಿ ಕೈಕೊಟ್ಟದ್ದು, ರಿಪೇರಿಯಲ್ಲಿ ಮನುಷ್ಯನ ಕೈ ಮರೆತದ್ದು.

2018ರಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 13.8 ಲಕ್ಷ ಫ್ಯೂಷನ್ ಮತ್ತು ಲಿಂಕನ್ ಎಂಕೆಝಡ್ ಕಾರುಗಳನ್ನು ವಾಪಸು ಕರೆಸಿತ್ತು. ಸ್ಟೇರಿಂಗ್ ವ್ಹೀಲಿನ ಬೋಲ್ಟ್ ಕಾಲಕ್ರಮದಲ್ಲಿ ಬಿಗಿತ ಕಳೆದುಕೊಳ್ಳಬಹುದು ಎಂಬುದು ಕಾರಣ. ಇನ್ನಷ್ಟು ಉದ್ದದ, ಗೀರಿನ ಹಿಡಿತ ಹೆಚ್ಚಿರುವ ಬೋಲ್ಟ್ ಹಾಕುವುದೇ ಪರಿಹಾರವಾಯಿತು. ಅದೇ ವರ್ಷ ಟೆಸ್ಲಾ ಸುಮಾರು 1.23 ಲಕ್ಷ ಮಾಡೆಲ್ ಎಸ್ ಕಾರುಗಳನ್ನು ಕರೆಸಿದ್ದು ಪವರ್ ಸ್ಟೇರಿಂಗ್ ಬೋಲ್ಟುಗಳ ತುಕ್ಕಿಗಾಗಿ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಲವಣ ಅಲ್ಲಿ ಕಾರಣ. ಮುಂಬೈಯಲ್ಲಿ ಹಿಮವಿಲ್ಲ, ಆದರೆ ಉಪ್ಪಿಗೆ ಬರವಿಲ್ಲ.

ಭಾರತದಲ್ಲೂ ನಿದರ್ಶನಗಳಿವೆ. 2013ರ ಕೊನೆಗೆ ಮಾರುತಿ ಸುಜುಕಿ ಸ್ಟೇರಿಂಗ್ ಕಾಲಮ್ ಪರಿಶೀಲನೆಗೆಂದು ಎರ್ಟಿಗಾ, ಸ್ವಿಫ್ಟ್, ಡಿಜೈರ್, ಎ-ಸ್ಟಾರ್ ಸೇರಿ 1,492 ಕಾರುಗಳನ್ನು ಕರೆಸಿತು. 2023ರ ಜುಲೈನಲ್ಲಿ ಟೈ ರಾಡ್ ದೋಷಕ್ಕಾಗಿ 87,599 ಎಸ್-ಪ್ರೆಸೊ ಮತ್ತು ಈಕೋ ವಾಹನಗಳ ಸರದಿ. 2024ರ ಆಗಸ್ಟ್‌ನಲ್ಲಿ ಸ್ಟೇರಿಂಗ್ ಗೇರ್‌ಬಾಕ್ಸ್ ದೋಷದ ಶಂಕೆಯಲ್ಲಿ 2,555 ಆಲ್ಟೊ ಕೆ10 ಕಾರುಗಳನ್ನು ಕರೆಸಿದಾಗ, ಭಾಗ ಬದಲಾಗುವವರೆಗೆ ಕಾರು ಓಡಿಸಲೇಬೇಡಿ ಎಂದು ಕಂಪನಿ ಮಾಲೀಕರಿಗೆ ತಿಳಿಸಿತ್ತು. ಸ್ಟೇರಿಂಗ್ ವಿಷಯದಲ್ಲಿ ತಯಾರಕರು ಎಷ್ಟು ಹೆದರುತ್ತಾರೆ ಎಂಬುದಕ್ಕೆ ಆ ಒಂದು ಸೂಚನೆ ಸಾಕು.

ಇಂಥ ರೀಕಾಲ್‌ಗಳಿಗೆ ಈಗ ಕಾನೂನಿನ ಬಲವಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ ಮತ್ತು 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳ ಪ್ರಕಾರ ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳಲ್ಲಿ ದೋಷವಿದ್ದರೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. ಒಂದು ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಇದೆಲ್ಲ ತಯಾರಿಕೆಯ ದೋಷಕ್ಕೆ. ರಿಪೇರಿಯಲ್ಲಿ ಹುಟ್ಟಿದ ದೋಷ ಈ ಜಾಲದೊಳಗೆ ಬರುವುದೇ ಇಲ್ಲ.

ಹೊಗೆಗೆ ವರ್ಷಕ್ಕೊಮ್ಮೆ, ಸ್ಟೇರಿಂಗ್‌ಗೆ 15 ವರ್ಷಕ್ಕೊಮ್ಮೆ

ಹಾಗಾದರೆ ನಿಯಮವೇ ಇಲ್ಲವೇ? ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೇರಿಂಗ್ ಬಗ್ಗೆಯೇ ಇದೆ. ಸ್ಟೇರಿಂಗ್ ವ್ಯವಸ್ಥೆ ಸುಸ್ಥಿತಿಯಲ್ಲಿರಬೇಕು, ಬೋಲ್ಟ್ ಅಥವಾ ಪಿನ್‌ಗಳಿಂದ ಜೋಡಿಸಿದ ಕಡೆಗಳಲ್ಲಿ ಅವು ಕಳಚದಂತೆ ಪರಿಣಾಮಕಾರಿಯಾಗಿ ಲಾಕ್ ಆಗಿರಬೇಕು ಎಂದು ಅದು ಹೇಳುತ್ತದೆ. ವ್ಹೀಲಿನಲ್ಲಿ 30 ಡಿಗ್ರಿ ಮೀರಿದ ಆಟ ಇರಬಾರದು ಎಂಬ ಮಿತಿಯೂ ಇದೆ. ಈ ಮಿತಿ ವಿಪರೀತ ಉದಾರವಾದದ್ದು. 37 ಸೆಂಟಿಮೀಟರ್ ಅಗಲದ ವ್ಹೀಲಿನ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು ಹತ್ತು ಸೆಂಟಿಮೀಟರ್. ಇಂದಿನ ಸಣ್ಣ ಕಾರುಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಮೂರು ಸೆಂಟಿಮೀಟರ್ ಆಸುಪಾಸಿನ ಆಟವನ್ನು ಮಾತ್ರ. ಅಂದರೆ ಕಂಪನಿಯ ದೃಷ್ಟಿಯಲ್ಲಿ ಕೆಟ್ಟ ಸ್ಟೇರಿಂಗ್ ಕಾನೂನಿನ ದೃಷ್ಟಿಯಲ್ಲಿ ಪಾಸು.

ಈ ನಿಯಮ ಪಾಲನೆಯಾಗಿದೆಯೇ ಎಂದು ನೋಡುವವರು ಯಾರು? ಟ್ಯಾಕ್ಸಿ, ಟೆಂಪೊ, ಬಸ್, ಲಾರಿಗಳಿಗೆ ಫಿಟ್‌ನೆಸ್ ಪರೀಕ್ಷೆ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ. ಖಾಸಗಿ ಕಾರಿಗೆ ನೋಂದಣಿಯ ಜೊತೆ ಸಿಗುವ ಮಾನ್ಯತೆಯೇ 15 ವರ್ಷದ್ದು. ಅದೇ ಕಾರಿನ ಹೊಗೆಯನ್ನು ಮಾತ್ರ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಪಿಯುಸಿ ಪಡೆಯಬೇಕು. ಹೊಗೆ ತಪಾಸಣೆ ಬೇಡ ಎಂದಲ್ಲ, ಕಾರಿನ ಹಿಂಬದಿಗೆ ಸಿಗುವ ಗಮನ ಮುಂಬದಿಗೆ ಸಿಗುವುದಿಲ್ಲ ಎಂಬುದು ವಿಚಿತ್ರ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಕಡ್ಡಾಯ, ಅದರಲ್ಲಿ ಸ್ಟೇರಿಂಗ್ ಭಾಗಗಳ ಪರಿಶೀಲನೆ ಸೇರಿದೆ. ಜಪಾನಿನಲ್ಲಿ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಸಾಮಾನ್ಯವಾಗಿ ರಿಪೇರಿಗಳು ಶುರುವಾಗುವುದೇ ವಾರಂಟಿ ಮುಗಿದ ಮೇಲೆ, ಅಂದರೆ ಮೂರ್ನಾಲ್ಕನೇ ವರ್ಷದಿಂದ. ನಮ್ಮಲ್ಲಿ ಅಲ್ಲಿಂದ 15ನೇ ವರ್ಷದವರೆಗೆ ಬಿಚ್ಚಿ ಜೋಡಿಸಿದ ಕಾರನ್ನು ಮೂರನೇ ಕಣ್ಣು ನೋಡುವುದಿಲ್ಲ.

ಅಪಘಾತವಾದ ಮೇಲೆ ಆರ್‌ಟಿಒ ಮೋಟಾರು ವಾಹನ ನಿರೀಕ್ಷಕರು ವಾಹನ ಪರಿಶೀಲಿಸುತ್ತಾರೆ. ಆ ಹೊತ್ತಿಗೆ ಮುಂಭಾಗ ನಜ್ಜುಗುಜ್ಜಾಗಿರುತ್ತದೆ. ಶಾಫ್ಟ್ ಕಳಚಿದ್ದು ಗುದ್ದಿದ್ದರಿಂದಲೋ, ಕಳಚಿದ್ದರಿಂದಲೇ ಗುದ್ದಿದ್ದೋ ಎಂದು ಬೇರ್ಪಡಿಸಲು ಸಮಯ, ಸಲಕರಣೆ ಎರಡೂ ಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಸಂಚಾರ ನಿಯಮ ಉಲ್ಲಂಘನೆಗಳ ಪಟ್ಟಿಯಲ್ಲಿ ಅತಿವೇಗವೇ ಮೊದಲು. ಅತಿವೇಗ ನಿಜವಾದ ಕೊಲೆಗಾರನೇ. ಆದರೆ ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಎಫ್‌ಐಆರ್‌ನಲ್ಲಿ ಬರೆಯುವಷ್ಟು ಸುಲಭವಾಗಿ, ನಿಯಂತ್ರಣ ಯಾಕೆ ತಪ್ಪಿತು ಎಂದು ಕೇಳುವುದು ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಕೂಡ, ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದ ದೋಷದೊಂದಿಗೆ ವಾಹನ ಓಡಿಸಿದವರನ್ನೇ ಹೊಣೆ ಮಾಡುತ್ತದೆ. ಪೆಡಲ್ ಹಿಂದಿನ ಬೋಲ್ಟ್ ಸಾಮಾನ್ಯ ಎಚ್ಚರಿಕೆಗೆ ಸಿಗುವಂಥದ್ದೇ?

ಸಂಖ್ಯೆ ಕಂಪನಿಯ ಬಳಿ, ಕೆಲಸ ಗ್ಯಾರೇಜಿನಲ್ಲಿ

ಎಸ್.ವಿ. ರಸ್ತೆಯ ಕೊನೆಗೋ ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲೋ ಇರುವ ಗ್ಯಾರೇಜಿನ ಮೆಕ್ಯಾನಿಕ್‌ಗೆ ಸರಿಯಾಗಿ ಬಿಗಿಯುವ ಮನಸ್ಸಿದೆ, ಟಾರ್ಕ್ ರೆಂಚೂ ಇದೆ ಎಂದಿಟ್ಟುಕೊಳ್ಳೋಣ. ಎಷ್ಟಕ್ಕೆ ಬಿಗಿಯಬೇಕು ಎಂಬ ಸಂಖ್ಯೆ ಅವನಿಗೆ ಎಲ್ಲಿಂದ ಸಿಗಬೇಕು? ಕಾರಿನ ಜೊತೆ ಮಾಲೀಕರಿಗೆ ಸಿಗುವ ಪುಸ್ತಕದಲ್ಲಿ ಅದು ಇರುವುದಿಲ್ಲ. ಇರುವುದು ಕಂಪನಿಯ ಸರ್ವೀಸ್ ಮ್ಯಾನುಯಲ್‌ನಲ್ಲಿ, ಅದು ಅಧಿಕೃತ ಡೀಲರ್‌ಗಳ ಬಳಿ.

ಈ ಪ್ರಶ್ನೆ ಹೊಸದಲ್ಲ. ಬಿಡಿಭಾಗ, ರೋಗಪತ್ತೆ ಉಪಕರಣ, ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಸ್ಪರ್ಧೆ ತಡೆಯಲಾಗಿದೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಸ್ವತಂತ್ರ ರಿಪೇರಿದಾರರಿಗೂ ಇವೆಲ್ಲ ಸಿಗುವಂತಾಗಬೇಕು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು, ವರ್ಷಗಳು ಕಳೆದವು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿ, ವಾಹನ ಕ್ಷೇತ್ರವನ್ನೂ ಅದರಲ್ಲಿ ಸೇರಿಸಿತು. ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಮಾಹಿತಿ ಹಂಚಿಕೆಯನ್ನು ವ್ಯಾಪಾರದ ಗುಟ್ಟು ಎಂಬ ಕಾರಣಕ್ಕೆ ಕಂಪನಿಗಳು ವಿರೋಧಿಸುವುದುಂಟು. ಎಂಜಿನ್ ಕಂಟ್ರೋಲ್ ಸಾಫ್ಟ್‌ವೇರ್ ವಿಷಯದಲ್ಲಿ ಆ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದು. ಸ್ಟೇರಿಂಗ್ ಬೋಲ್ಟಿನ ಬಿಗಿತ 25 ನ್ಯೂಟನ್ ಮೀಟರ್ ಎಂಬುದರಲ್ಲಿ ಯಾವ ಗುಟ್ಟಿದೆ? ಸುರಕ್ಷತೆಗೆ ಸಂಬಂಧಿಸಿದ ಬಿಗಿತದ ಪಟ್ಟಿಯನ್ನು ಮಾಲೀಕರ ಪುಸ್ತಕದ ಕೊನೆಯ ಪುಟದಲ್ಲಿ ಮುದ್ರಿಸಲು ಕಂಪನಿಗಳಿಗೆ ಆದೇಶಿಸಿದರೆ ಸರ್ಕಾರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಗ್ಯಾರೇಜಿನ ಕಡೆಯಿಂದಲೂ ಕೆಲವು ಮಾತು ಒಪ್ಪಬೇಕು. ಟಾರ್ಕ್ ರೆಂಚಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಬಳಸಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿಡಬೇಕು, ವರ್ಷಕ್ಕೊಮ್ಮೆ ಅಥವಾ 5,000 ಬಳಕೆಗೊಮ್ಮೆ ಅಳತೆ ತಾಳೆ ನೋಡಿಸಬೇಕು. ಸುತ್ತಿಗೆಯ ಜೊತೆ ಡಬ್ಬಿಯಲ್ಲಿ ಎಸೆದ ರೆಂಚಿಗಿಂತ ಅನುಭವಿ ಕೈಯೇ ವಾಸಿ. ಐಟಿಐಗಳಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಪಡೆದವರಿಗೆ ಇದೆಲ್ಲ ಪಾಠದಲ್ಲೇ ಬರುತ್ತದೆ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಉಸ್ತಾದರ ಬಳಿ ಸೇರಿದ ಹುಡುಗನಿಗೆ ಹೇಳಿಕೊಡುವವರು ಬೇಕು. ಕೆಲಸದಲ್ಲಿ ಕಲಿತದ್ದಕ್ಕೆ ಪ್ರಮಾಣಪತ್ರ ಕೊಡುವ ಸರ್ಕಾರಿ ಯೋಜನೆ ಇದೆ, ಆದರೆ ಗ್ಯಾರೇಜ್ ತೆರೆಯಲು ಆ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ.

ಬಿಲ್ ಇಲ್ಲದಿದ್ದರೆ ದೂರೂ ಇಲ್ಲ

ರಿಪೇರಿಯ ತಪ್ಪಿಗೆ ಕಾನೂನಿನಲ್ಲಿ ದಾರಿಯೇ ಇಲ್ಲ ಎಂದಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ರಿಪೇರಿ ಮತ್ತು ನಿರ್ವಹಣೆ ಮಾಡುವವರನ್ನೂ ಉತ್ಪನ್ನ ಸೇವೆ ನೀಡುವವರು ಎಂದು ಪರಿಗಣಿಸುತ್ತದೆ. ಸೇವೆಯ ದೋಷದಿಂದ ಹಾನಿಯಾದರೆ 85ನೇ ಕಲಂ ಪ್ರಕಾರ ಅವರೂ ಹೊಣೆ. ಅಧಿಕೃತ ಸರ್ವೀಸ್ ಸೆಂಟರ್ ಇರಲಿ, ಮರದಡಿಯ ಗ್ಯಾರೇಜ್ ಇರಲಿ, ಕಾನೂನು ಒಂದೇ. ಆದರೆ ಏನು ಬಿಚ್ಚಲಾಯಿತು ಎಂಬುದಕ್ಕೆ ಕಾಗದ ಬೇಕು. ‘ಬಿಲ್ ಬೇಡ, ಜಿಎಸ್‌ಟಿ ಉಳಿಯುತ್ತದೆ’ ಎಂದು ಮಾಲೀಕರೇ ಹೇಳುವ ಊರಿನಲ್ಲಿ ಆ ಕಾಗದ ಹುಟ್ಟುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ನಕಲಿ ಬಿಡಿಭಾಗಕ್ಕೂ ಬಿಲ್ ಇಲ್ಲದ ವ್ಯವಹಾರಕ್ಕೂ ಕೊಡುತ್ತಿದ್ದ ನೆಪ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಸಾರಿಗೆ ಇಲಾಖೆ ನಾಳೆಯೇ ಖಾಸಗಿ ಕಾರುಗಳಿಗೆಲ್ಲ ವಾರ್ಷಿಕ ಪರೀಕ್ಷೆ ತರುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಎಂಎಚ್-47 ನಂಬರಿನ ಅಷ್ಟೂ ಕಾರುಗಳನ್ನು ಪರೀಕ್ಷಿಸುವ ಶಕ್ತಿ ಬೋರಿವಲಿ ಆರ್‌ಟಿಒಗೆ ಇಲ್ಲ, ತಂದರೂ ಏಜೆಂಟರ ಪಾಲಾಗುವ ಭಯ ಬೇರೆ. ಅದಕ್ಕಿಂತ ಹತ್ತಿರದ ದಾರಿ ಎಂದರೆ, ಸ್ಟೇರಿಂಗ್ ಅಥವಾ ಬ್ರೇಕ್ ಭಾಗ ಬಿಚ್ಚಿದ ಪ್ರತಿ ರಿಪೇರಿಯ ಬಿಲ್ಲಿನಲ್ಲಿ ಯಾವ ಬೋಲ್ಟ್, ಎಷ್ಟು ಬಿಗಿತ, ಯಾರು ಬಿಗಿದರು ಎಂಬ ಒಂದು ಸಾಲನ್ನು ಕಡ್ಡಾಯಗೊಳಿಸುವುದು. ತನ್ನ ಹೆಸರು ಕಾಗದದ ಮೇಲೆ ಬರುತ್ತದೆ ಎಂದು ಗೊತ್ತಾದ ಹುಡುಗ ಎರಡನೇ ಸಲ ನೋಡಿಯೇ ನೋಡುತ್ತಾನೆ.

ಅಲ್ಲಿಯವರೆಗೆ ಮಾಲೀಕರಿಗೆ ಉಳಿಯುವುದು ಕೆಲವು ಪ್ರಶ್ನೆಗಳು. ಡ್ಯಾಶ್‌ಬೋರ್ಡ್ ಇಳಿಸಬೇಕಾಗುತ್ತದೆಯೇ ಎಂದು ಕೆಲಸಕ್ಕೆ ಮೊದಲೇ ಕೇಳಬಹುದು. ಹೌದಾದರೆ, ಬ್ಯಾಟರಿ ವೈರ್ ತೆಗೆದು, ವ್ಹೀಲ್ ನೇರ ಇಟ್ಟು ಲಾಕ್ ಮಾಡಿದ ಮೇಲೆಯೇ ಕಾಲಮ್ ಬಿಚ್ಚುವಂತೆ ಹೇಳಬೇಕು. ಇಲ್ಲದಿದ್ದರೆ ಕೆಳಗಿನ ಶಾಫ್ಟ್ ಬೇರ್ಪಟ್ಟಾಗ ವ್ಹೀಲ್ ಗಿರಗಿರ ತಿರುಗಿ, ಏರ್‌ಬ್ಯಾಗಿಗೆ ಹೋಗುವ ಸುರುಳಿ ವೈರ್ ತುಂಡಾಗುತ್ತದೆ. ಕಾರು ವಾಪಸು ಪಡೆದಾಗ ಎಂಜಿನ್ ಚಾಲೂ ಇಟ್ಟು ನಿಂತಲ್ಲೇ ವ್ಹೀಲನ್ನು ಎಡಬಲಕ್ಕೆ ಸಣ್ಣದಾಗಿ ಆಡಿಸಿ ನೋಡಬೇಕು. ಕಟಕಟ ಸದ್ದು, ಚಕ್ರ ಅಲುಗದೆ ವ್ಹೀಲ್ ಮಾತ್ರ ತಿರುಗುವ ಆಟ, ವ್ಹೀಲನ್ನು ಮೇಲೆ ಕೆಳಗೆ ಒತ್ತಿದರೆ ಕಾಲಮ್ ಕುಣಿಯುವುದು, ಮೊದಲು ನೇರವಿದ್ದ ವ್ಹೀಲ್ ಈಗ ವಾರೆ ಇರುವುದು, ಇವುಗಳಲ್ಲಿ ಒಂದು ಕಂಡರೂ ಕಾರು ಅಲ್ಲಿಂದ ಕದಲಬಾರದು.

ಕಾರ್ಖಾನೆಗಳಲ್ಲಿ ಬೋಲ್ಟ್ ಬಿಗಿದು ಅಳತೆ ನೋಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಪೇಂಟ್ ಗೆರೆ ಎಳೆಯುತ್ತಾರೆ. ಬೋಲ್ಟ್ ಕಿಂಚಿತ್ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಹಳದಿ ಪೇಂಟ್ ಪೆನ್ ಒಂದಿದ್ದರೆ ದಹಿಸರ್‌ನ ಯಾವ ಗ್ಯಾರೇಜಿನಲ್ಲೂ ಇದು ಸಾಧ್ಯ. ಊರಿಗೆ ಹೊರಡುವ ಹಿಂದಿನ ರಾತ್ರಿ ಕಾರಿನ ಬಾಗಿಲು ತೆರೆದು, ಬಗ್ಗಿ, ಮೊಬೈಲ್ ಟಾರ್ಚನ್ನು ಪೆಡಲ್‌ಗಳ ಹಿಂದೆ ಹಿಡಿದರೆ ಅನೇಕ ಕಾರುಗಳಲ್ಲಿ ಆ ಕ್ರಾಸ್ ಜಾಯಿಂಟ್ ಕಾಣುತ್ತದೆ. ಹಳದಿ ಗೆರೆ ಇದೆಯೇ, ಇದ್ದರೆ ನೇರವಾಗಿದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.